ಉದ್ದ ಹೆಸರಿನ ಫೋಲ್ಡರ್

ಅವತ್ತು ಬೆಳಿಗ್ಗೆ ನನ್ನ ಹೆಂಡತಿ ಫ್ಯಾನ್ ಆರಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮೈಕಿನ ಮುಂದೆ ಕುಳಿತು ಒಂದು ಸಾವಿನ ಸುದ್ದಿ ಓದಿದಳು. ಶ್ರೀನಿವಾಸಪುರದಲ್ಲಿ ನಮ್ಮದು ಪ್ರಚಾರದ ಆಟೋ. ಧ್ವನಿ ಅವಳದು, ಧ್ವನಿವರ್ಧಕ ಕಟ್ಟಿಕೊಂಡು ಊರೂರು ತಿರುಗುವುದು ನನ್ನದು. ಸಾಮಾನ್ಯವಾಗಿ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಓದುತ್ತಿದ್ದಳು. ತೀರಿಕೊಂಡಿದ್ದ ಹಿರಿಯರ ಊರು ಆಂಧ್ರದ ಗಡಿಗೆ ಅಂಟಿಕೊಂಡಿತ್ತು. ತೆಲುಗೊಂದೇ ಸಾಕು ಎಂದು ಅವರ ಮನೆಯವರು ಹೇಳಿದ್ದರು.

"ಇನ್ನೊಂದ್ ಸಾರಿ ಓದ್ತೀನಿ. ಊರ ಹೆಸರು ನುಂಗ್ಬಿಟ್ಟೆ" ಎಂದಳು.

"ಸತ್ತಿರೋರು ಬಂದು ಕೇಳ್ತಾರೇನೇ?"

"ಅವರ ಮಕ್ಕಳು ಕೇಳ್ತಾರಲ್ಲ. ನೀನು ಸುಮ್ಕಿರು."

ಮತ್ತೆ ಓದಿದಳು. ನಾನು ಅದನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡು ಹೊರಟೆ. ಮಧ್ಯಾಹ್ನ ಬಂದಾಗ ಹುರುಳಿಕಾಳಿನ ಸಾರು, ಮುದ್ದೆ ಇತ್ತು. ಸಂಜೆ ಮಾಲೂರಿನಿಂದ ಬಂದ ಕಣ್ಣಿನ ಶಿಬಿರದ ಪ್ರಚಾರವೊಂದನ್ನು ಓದಿ ಮುಗಿಸಿದಳು. ಮಾರನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದಳು. ಕೋಲಾರದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಮಾತು ಬರಲಿಲ್ಲ.

ಅವಳದೊಂದು ಪದ್ಧತಿಯಿತ್ತು. ಸಾವಿನ ಪ್ರಚಾರವನ್ನು ಆ ಮನೆಯವರು ಹಾಲು ತುಪ್ಪ ಬಿಟ್ಟ ದಿನ ಕಂಪ್ಯೂಟರಿನಿಂದ ಅಳಿಸಿಬಿಡುತ್ತಿದ್ದಳು. ತಪ್ಪಿ ಕೂಡ ಅದು ಇನ್ನೊಮ್ಮೆ ಹೊರಗೆ ಹೋಗಬಾರದು. ಈ ಹಿರಿಯರದ್ದನ್ನು ಅಳಿಸಬೇಕಾದ ದಿನ ಅವಳೇ ಇರಲಿಲ್ಲ.

ಒಂದೂವರೆ ತಿಂಗಳ ನಂತರ ನಾನು ಮತ್ತೆ ಆಟೋ ತೆಗೆದೆ. ಅವಳು ಹಿಂದೆ ಓದಿಟ್ಟಿದ್ದ ಪಾತ್ರೆ ಮಾರಾಟದ ಪ್ರಚಾರಕ್ಕೆ ಅದೇ ಗಡಿ ಊರಿಗೆ ಹೋಗಿ, ಕಾರ್ಡಿನಲ್ಲಿ ಏನಿದೆಯೆಂದು ನೋಡದೆ ಗುಂಡಿ ಒತ್ತಿದೆ. ಆ ಹಿರಿಯರ ಸಾವಿನ ಸುದ್ದಿ ಬೀದಿಯೆಲ್ಲ ಕೇಳಿಸಿತು. ಅವರ ಮಗ ಕೈ ತೊಳೆಯದೆ ಊಟದಿಂದ ಎದ್ದು ಬಂದ.

"ಏನಣ್ಣಾ, ನಮ್ ನಾಯನನ್ನ ಎಷ್ಟ್ ಸಾರಿ ಸಾಯಿಸ್ತೀಯಾ?"

ನಾನು ಅಲ್ಲೇ ಅವನ ಎದುರಿಗೇ ಕಾರ್ಡನ್ನು ಪೂರ್ತಿ ಖಾಲಿ ಮಾಡಿದೆ. ಕಂಪ್ಯೂಟರಿನಿಂದಲೂ ಇವತ್ತೇ ತೆಗೆಯುತ್ತೇನೆ ಎಂದು ಮಾತು ಕೊಟ್ಟೆ.

ಆದರೆ ಅದು ಅಳಿಯಲಿಲ್ಲ. ನಮ್ಮದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಎಕ್ಸ್‌ಪಿ ಕಂಪ್ಯೂಟರ್. ಡಿಲೀಟ್ ಒತ್ತಿದರೆ ಆಗುವುದಿಲ್ಲ ಎಂದು ಪರದೆಯ ಮೇಲೊಂದು ಚೌಕ ಬರುತ್ತಿತ್ತು. ಆರಿಸಿ ಹಚ್ಚಿದೆ. ಕಂಪ್ಯೂಟರ್ ಕೆಟ್ಟಾಗ ಹಚ್ಚುವ ಸೇಫ್ ಮೋಡಿನಲ್ಲಿ ಹೋಗಿ ನೋಡಿದೆ. ಅಲ್ಲೂ ಅದೇ ಚೌಕ. ಕೊನೆಗೆ ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವನಿಗೆ ಫೋನ್ ಮಾಡಿದೆ. ಫೋಲ್ಡರಿನ ಹೆಸರು ಓದು ಎಂದ. ಓದಿದೆ. ಜಿಲ್ಲೆ, ಅದರೊಳಗೆ ತಾಲ್ಲೂಕು, ಹೋಬಳಿ, ಊರು, ಅದರೊಳಗೆ ಇಂಥವರ ತಂದೆಯವರಾದ ಇಂಥವರು ಇಂಥ ದಿನ ದೈವಾಧೀನರಾದರು ಎಂಬ ಇಡೀ ವಾಕ್ಯ.

"ಯಾರಣ್ಣಾ ಇದು, ಲಗ್ನಪತ್ರಿಕೆ ಬರೆದಂಗೆ ಫೋಲ್ಡರಿಗೆ ಹೆಸರು ಇಟ್ಟಿರೋರು?" ಎಂದು ನಕ್ಕ. ಆಮೇಲೆ ಅದು ನನ್ನ ಹೆಂಡತಿಯೆಂದು ಅವನಿಗೇ ಹೊಳೆದು, ತಪ್ಪಾಯಿತಣ್ಣಾ ಎಂದ.

ಹೆಸರಿನ ಬದಲು ನಂಬರ್ ಹಾಕು ಎಂದು ನಾನೂ ಅವಳಿಗೆ ಹೇಳಿದ್ದೆ. ಸತ್ತೋರನ್ನ ನಂಬರ್ ಹಾಕಿ ಇಡೋಕಾಗುತ್ತಾ ಎಂದಿದ್ದಳು. ಒಳಗಿನದನ್ನೆಲ್ಲ ಮೊದಲು ಮಾಡಿಕೊಂಡು, ಮೇಲಿನ ಫೋಲ್ಡರುಗಳ ಹೆಸರನ್ನು ಬಿಡುವಾದಾಗ ಉದ್ದ ಮಾಡುತ್ತಿದ್ದಳು. ಈ ಸಲ ಹೆಸರುಗಳೆಲ್ಲ ಸೇರಿ, ಹೆಸರಿನ ಉದ್ದಕ್ಕೆ ಆ ಹಳೆಯ ಯಂತ್ರದಲ್ಲಿದ್ದ ಮಿತಿಯನ್ನು ದಾಟಿದ್ದವು. ಮೇಲಿನಿಂದ ಒಂದೊಂದೇ ಹೆಸರನ್ನು ಗಿಡ್ಡ ಮಾಡಿದರೆ ಅಳಿಯುತ್ತದೆ ಎಂದು ಅವನು ಹೇಳಿದ. ಕೋಲಾರ ಎಂಬುದನ್ನು ಒಂದು ಎಂದು ಮಾಡಿದೆ, ತಾಲ್ಲೂಕನ್ನು ಎರಡು ಎಂದು ಮಾಡಿದೆ. ದಾರಿ ತೆರೆಯಿತು.

ಅದೊಂದನ್ನು ಅಳಿಸಿ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕಾರ್ಡು ಖಾಲಿಯಾದ ಮೇಲೆ ಅವಳ ಧ್ವನಿ ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ದಿನವೆಲ್ಲ ಜೊತೆಗಿದ್ದವರು ನಾವು, ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದು ಎಂದೂ ಅನ್ನಿಸಿರಲಿಲ್ಲ. ಎಲ್ಲವನ್ನೂ ಒಂದೇ ಕಡೆ ಕೂಡಿಸಿ ಪೆನ್ ಡ್ರೈವಿಗೆ ಹಾಕೋಣ ಎಂದು ಹೊಸ ಫೋಲ್ಡರ್ ಮಾಡಿ, ಊರೂರಿನ ಫೈಲುಗಳನ್ನು ಎಳೆದು ಅದರ ಮೇಲೆ ಬಿಡುತ್ತಾ ಹೋದೆ. ಪ್ರತಿ ಸಲವೂ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಜಾಗ ಬದಲಿಸಲೇ ಎಂದು ಕೇಳುತ್ತಿದೆ ಅಂದುಕೊಂಡು ಯೆಸ್ ಒತ್ತಿದೆ. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ. ಮಾಲೂರಿನ ಕಣ್ಣಿನ ಶಿಬಿರ ಮುಗಿದ ಮೇಲೆ, ಅದೂ ಅವಳ ಧ್ವನಿಯೇ ಅಲ್ಲವೇ ಎಂದು ಕೊನೆಗೆ ಆ ಹಿರಿಯರದ್ದನ್ನೂ ಎಳೆದು ತಂದೆ.

ಫೋಲ್ಡರುಗಳಿಗೆ ಅಷ್ಟುದ್ದ ಹೆಸರಿಟ್ಟವಳು ಒಳಗಿನ ಫೈಲುಗಳಿಗೆ ಎಲ್ಲ ಕಡೆಯೂ ಎರಡೇ ಹೆಸರು ಇಟ್ಟಿದ್ದಳು. ಕನ್ನಡ, ತೆಲುಗು. ಒಂದೇ ಹೆಸರಿನ ಎರಡು ಫೈಲು ಒಂದು ಕಡೆ ಇರಲಾರವು. ಹೊಸದು ಬಂದಾಗಲೆಲ್ಲ ಹಳೆಯದನ್ನು ತೆಗೆಯಲೇ ಎಂದು ಅದು ಕೇಳಿತ್ತು, ನಾನು ಒಪ್ಪಿದ್ದೆ.

ಹೊಸ ಫೋಲ್ಡರ್ ತೆರೆದಾಗ ಎರಡೇ ಕಂಡವು. ಆ ಕಂಪ್ಯೂಟರ್ ಎಲ್ಲವನ್ನೂ ನಿಧಾನಕ್ಕೆ ತೋರಿಸುವುದು ಮಾಮೂಲು, ಮಿಕ್ಕವು ಬರುತ್ತವೆ ಎಂದುಕೊಂಡೆ. ತೆಲುಗು ಎಂಬುದನ್ನು ಹಚ್ಚಿ ಕೇಳಿದೆ. ಅದೇ ಸಾವಿನ ಸುದ್ದಿ. ಕೊಟ್ಟ ಮಾತು ನೆನಪಾಗಿ, ಕಸದಬುಟ್ಟಿಗೂ ಹೋಗದಂತೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ. ಈ ಸಲ ಯಾವ ಚೌಕವೂ ತಡೆಯಲಿಲ್ಲ. ಮಿಕ್ಕವಕ್ಕಾಗಿ ಕಾಯುತ್ತಾ ಕುಳಿತೆ. ಬರಲಿಲ್ಲ.

ನಾಲ್ಕು ದಿನ ಯಾರು ಯಾರೋ ಹೇಳಿದ ಪ್ರೋಗ್ರಾಮುಗಳನ್ನು ಹಾಕಿ ಹುಡುಕಿದೆ. ಐದನೆಯ ದಿನ ಕಂಪ್ಯೂಟರಿನ ಡಬ್ಬಿಯನ್ನೇ ಆಟೋದಲ್ಲಿಟ್ಟುಕೊಂಡು ಕೋಲಾರಕ್ಕೆ ಹೋದೆ. ಪರಿಚಯದವನು ಸಂಜೆಯವರೆಗೂ ಕುಳಿತು ನೋಡಿದ.

"ಅವತ್ತೇ ಆಫ್ ಮಾಡಿ ತಂದಿದ್ರೆ ಏನಾದ್ರೂ ಸಿಗ್ತಿತ್ತೇನೋ. ಡಿಸ್ಕ್ ಮೊದಲೇ ತುಂಬಿತ್ತಲ್ಲಣ್ಣಾ. ನೀನು ಹುಡುಕೋಕೆ ಹಾಕಿದ ಪ್ರೋಗ್ರಾಮುಗಳೇ ಆ ಜಾಗದಲ್ಲಿ ಕೂತ್ಕೊಂಡವೆ" ಎಂದ. ಕಾಸು ತೆಗೆದುಕೊಳ್ಳಲಿಲ್ಲ.

ಉಳಿದಿರುವುದು ಕನ್ನಡದ್ದು ಒಂದೇ. ಅರವತ್ತು ದಾಟಿದವರು ತಪ್ಪದೆ ಬಂದು ಕಣ್ಣು ತೋರಿಸಿಕೊಳ್ಳಿ ಎಂದು ಹೇಳುತ್ತಾಳೆ. ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಊರವರಿಗೆ ಹೇಳುವ ಹಾಗೆ ಹೇಳುತ್ತಾಳೆ. ಮನೆಯಲ್ಲಿ ಅವಳು ನನ್ನ ಜೊತೆ ಹೆಚ್ಚಾಗಿ ಆಡುತ್ತಿದ್ದದ್ದು ತೆಲುಗು. ಅದರಲ್ಲಿ ಅವಳ ಒಂದು ಮಾತೂ ನನ್ನ ಹತ್ತಿರ ಇಲ್ಲ.