ಒಂದು ತಾರಸಿ, ಎರಡು ಪಾಲು

ತಾರಸಿ ಬಡಿಯೋಕೆ ರಟ್ಟೆ ಇದ್ದರೆ ಸಾಕು, ತಲೆ ಬೇಕಿಲ್ಲ ಅಂತ ನಾನು ಬಹಳ ಜನಕ್ಕೆ ಹೇಳಿದ್ದೀನಿ. ಹೇಳಿದ್ದು ತಪ್ಪು. ಈ ವಯಸ್ಸಲ್ಲಿ ತಪ್ಪು ಒಪ್ಪಿಕೊಳ್ಳೋದು ಹಲ್ಲು ಕೀಳಿಸಿಕೊಂಡ ಹಾಗೆ. ಕೀಳೋವಾಗ ಪ್ರಾಣ ಹೋಗುತ್ತೆ, ಕಿತ್ತ ಮೇಲೆ ಹಾಯಾಗಿರುತ್ತೆ. ಅಕ್ಷರ ಕಲಿತು ಎರಡು ವರ್ಷ ಆಯ್ತು, ಒತ್ತಕ್ಷರ ಇನ್ನೂ ನನ್ನ ಮಾತು ಕೇಳಲ್ಲ. ನೀವು ಓದಿದವರು, ತಿದ್ದಿಕೊಂಡು ಓದಿ.

ತಾರಸಿ ಬಡಿಯೋದು ಅಂದರೆ ಏನು ಅಂತ ಅದರ ಕೆಳಗೆ ಮಲಗೋರಿಗೆ ಗೊತ್ತಿರಲ್ಲ. ತೊಲೆ ಮೇಲೆ ಇಟ್ಟಿಗೆ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಕಲಸಿದ ಸುಣ್ಣದ ಗಾರೆಯನ್ನ ಅರ್ಧ ಗೇಣು ದಪ್ಪ ಹರವುತ್ತಾರೆ. ಆಮೇಲೆ ನಾವು ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಮರದ ಕೊಡತೀಲಿ ಬಡೀಬೇಕು. ಬೆಲ್ಲದ ನೀರು ಚಿಮುಕಿಸು, ಬಡಿ. ಮತ್ತೆ ಚಿಮುಕಿಸು, ಮತ್ತೆ ಬಡಿ. ಮೂರು ನಾಲ್ಕು ದಿನ ಇದೇ. ಕೊಡತಿ ಗಾರೇಲಿ ಇಳೀದೆ ಠಣ್ ಅಂತ ಹಿಂದಕ್ಕೆ ಹಾರಿದಾಗ ಸಾಕು ಅಂತ ಅರ್ಥ. ಎಲ್ಲರ ಏಟೂ ಒಟ್ಟಿಗೆ ಬೀಳಬೇಕು. ಅದಕ್ಕೇ ಹಾಡು. ನೋಡೋರು ಇವರಿಗೇನು ಖುಷಿ ಅಂತಾರೆ. ಖುಷೀನೂ ಇಲ್ಲ ಮಣ್ಣೂ ಇಲ್ಲ, ಹಾಡು ನಿಂತರೆ ಏಟು ತಪ್ಪುತ್ತೆ, ಅಷ್ಟೇ.

ರಾಜಾಜಿನಗರದಲ್ಲಿ ಈಗ ಮನೆಗಳು ನಾಯಿಕೊಡೆ ಹಾಗೆ ಏಳ್ತಾ ಇವೆ. ಹೊಸಹಳ್ಳಿಯಿಂದ ನಾವು ಏಳು ಜನ ದಿನಾ ನಡೆದು ಹೋಗ್ತೀವಿ. ನಾನೇ ಹಿರಿಯಳು, ನಾನೇ ಮುಂದಾಳು. ಹೋದ ತಿಂಗಳು ಮೇಸ್ತ್ರಿ ನಂಜಪ್ಪ ಸೇಲಂ ಕಡೆಯ ಆರು ಜನ ಹೆಂಗಸರನ್ನ ಕರಕೊಂಡು ಬಂದ. ಅವರ ಮುಂದಾಳು ಕುಪ್ಪಮ್ಮ. ಬೀದಿ ತುಂಬ ತಾರಸಿ ಇದೆ, ಎಲ್ಲರೂ ಸೇರಿ ಬಡೀರಿ ಅಂದ.

ಸೇರೋದಾ? ಅವರ ಹಾಡೇ ಬೇರೆ. ನಮ್ಮದು ನಿಧಾನಕ್ಕೆ ಏಳೋ ಹಾಡು, ಅವರದು ದಡಬಡ ಓಡೋ ಹಾಡು. ಮೊದಲ ದಿನ ಎರಡೂ ಹಾಡು ಒಟ್ಟಿಗೆ ಹೊರಟು ಬೀದಿ ನಾಯಿಗಳೆಲ್ಲ ಓಡಿಹೋದವು. ನಾನು ಮಹಾ ಬುದ್ಧಿವಂತೆ, ಕಡ್ಡಿ ತಗೊಂಡು ತಾರಸಿ ನಡುವೆ ಗೆರೆ ಎಳೆದೆ. "ಈ ಕಡೆ ನಮ್ಮದು, ಆ ಕಡೆ ನಿಮ್ಮದು. ಗೆರೆ ದಾಟಬೇಡಿ ತಾಯಿ" ಅಂದೆ. ಕುಪ್ಪಮ್ಮ ಗೆರೆ ನೋಡಿದಳು, ನನ್ನ ಮುಖ ನೋಡಿದಳು, ತನ್ನೋರನ್ನ ಆ ಕಡೆ ಕೂರಿಸಿದಳು. ನಾಲ್ಕು ದಿನ ಪೈಪೋಟಿ ಮೇಲೆ ಬಡಿದ್ವಿ. ಊಟಕ್ಕೂ ಬೇರೆ ಬೇರೆ ನೆರಳು.

ಹತ್ತು ದಿನ ಒಣಗಿದ ಮೇಲೆ ಮನೆ ಯಜಮಾನರು ತಾರಸಿಯ ನೀರು ಹೋಗೋ ತೂತಿಗೆ ಹುಲ್ಲು ತುರುಕಿಸಿ, ಮೇಲೆ ನೀರು ನಿಲ್ಲಿಸಿದರು. ಬೆಳಗಾಗೋ ಹೊತ್ತಿಗೆ ಕೋಣೆ ನಡುವೆ ತೊಟ್ಟಿಕ್ಕಿತ್ತು. ಅಲ್ಲೊಂದು ಇಲ್ಲೊಂದು ಅಲ್ಲ, ದಾರ ಹಿಡಿದ ಹಾಗೆ ನೆಟ್ಟಗೆ ಒಂದು ಸಾಲು. ನನ್ನ ಗೆರೆ! ಗೆರೆ ಹತ್ತಿರ ನಾವೂ ಏಟು ಹಾಕಿಲ್ಲ, ಅವರೂ ಹಾಕಿಲ್ಲ. ಒಂದು ಗೇಣು ಜಾಗ ಯಾರಿಗೂ ಸೇರದೆ ಮೆತ್ತಗೆ ಉಳಿದುಬಿಟ್ಟಿತ್ತು.

ನಂಜಪ್ಪ ಕುಣಿದುಬಿಟ್ಟ. "ನಡುವಿಂದು ಅಗೆದು ಹೊಸದಾಗಿ ಹಾಕಿಸ್ತೀನಿ. ಅದೂ ಸೋರಿದರೆ ಹದಿಮೂರು ಜನಾನೂ ನಾಳೆಯಿಂದ ಬರಬೇಡಿ. ಬೀದಿ ಪೂರ್ತಿ ಬೇರೆ ಗುಂಪಿಗೆ ಕೊಡ್ತೀನಿ."

ನಾನು ಕುಪ್ಪಮ್ಮನ ಮೇಲೆ ಹಾರಿದೆ. "ನಿಮ್ಮೋರು ಅಂಚು ಬಿಟ್ಟಿದ್ದಾರೆ ಕಣಮ್ಮ."

"ಆಮಾ ಅಕ್ಕಾ, ಬಿಟ್ಟಿದ್ದು ನಿಜ. ಎರಡನೇ ದಿನಾನೇ ನೋಡಿದೆ."

"ನೋಡಿದೋಳು ಬಾಯಿ ಬಿಡೋಕೆ ಏನಾಗಿತ್ತು?"

"ನೀ ಕೇಳ್ದಿಯಾ? ದಾಟಬೇಡ ಅಂದೆ, ದಾಟಲಿಲ್ಲ."

ನಮ್ಮ ಲಕ್ಕಮ್ಮ ಪಕ್ಕದಲ್ಲೇ ಇದ್ದಳು, ಬಾಯಿ ಸುಮ್ಮನಿರಲ್ಲ. "ಕೆಂಪಜ್ಜೀ, ಗೆರೆ ಎಳೆಯೋವಾಗ ಕೈ ಎಷ್ಟು ನೆಟ್ಟಗಿತ್ತು ನೋಡು, ಒಂದು ಹನೀನೂ ಆಚೀಚೆ ಬಿದ್ದಿಲ್ಲ" ಅಂದಳು. ಎಲ್ಲರೂ ನಕ್ಕರು. ಸೇಲಮ್ಮಿನೋರೂ ನಕ್ಕರು. ನನಗೆ ಮೈ ಉರೀತು. ಉರಿದರೂ ಒಂದು ಹೊಳೀತು: ಈ ಎರಡು ಗುಂಪು ಒಂದೇ ಸಲಕ್ಕೆ ಮಾಡಿದ ಮೊದಲನೇ ಕೆಲಸ ನನ್ನ ನೋಡಿ ನಕ್ಕಿದ್ದು.

ಒಂದು ಒರಳಲ್ಲಿ ಇಬ್ಬರು ಭತ್ತ ಕುಟ್ಟೋದು ನೋಡಿದ್ದೀರಾ? ಒಂದು ಒನಕೆ ಏಳೋವಾಗ ಇನ್ನೊಂದು ಇಳೀಬೇಕು. ಅತ್ತೆ ಸೊಸೆ ಮಾತು ಬಿಟ್ಟಿದ್ದರೂ ಒನಕೆ ಒಂದಕ್ಕೊಂದು ತಾಗಲ್ಲ. ಒಬ್ಬೊಬ್ಬರಿಗೆ ಒಂದೊಂದು ಒರಳು ಕೊಡಿ, ಜಗಳ ಇಲ್ಲ ನಿಜ, ಅಕ್ಕೀನೂ ಬೇಗ ಆಗಲ್ಲ. ಇದು ಗೊತ್ತಿದ್ದೂ ನಾನು ಗೆರೆ ಎಳೆದಿದ್ದೆ. ಗೊತ್ತಿರೋದೇ ಬೇರೆ, ಮಾಡೋದೇ ಬೇರೆ.

ಈ ಸಲ ನಮ್ಮೋಳು ಒಬ್ಬಳು, ಅವರೋಳು ಒಬ್ಬಳು ಅಂತ ಕೂರಿಸಿದೆ. ಹಾಡು? ಅದೇ ತಲೆನೋವು. ನಮ್ಮ ಹಾಡಿಗೆ ಅವರ ಕೈ ಏಳಲ್ಲ, ಅವರದಕ್ಕೆ ನಮ್ಮ ಉಸಿರು ಸಾಲಲ್ಲ. ಕುಪ್ಪಮ್ಮ ಸುಮ್ಮನೆ ಕೊಡತಿ ಎತ್ತಿ, ನಮ್ಮದಕ್ಕಿಂತ ಬೇಗ, ಅವರದಕ್ಕಿಂತ ನಿಧಾನವಾಗಿ ನಾಲ್ಕು ಏಟು ಹಾಕಿದಳು. ಲಕ್ಕಮ್ಮ ಅದೇ ಏಟಿಗೆ ಬಾಯಿಗೆ ಬಂದದ್ದು ಕೂಗಿದಳು:

"ಮೇಸ್ತ್ರಿ ಮೀಸೆ ಎಲ್ಲಿಗ್ ಹೋಯ್ತೋ?"

ಕುಪ್ಪಮ್ಮ ತಡಮಾಡದೆ, "ಸುಣ್ಣಾಂಬುಲ ವಿಳುಂದು ಪೋಚೋ!" ಸುಣ್ಣದಲ್ಲಿ ಬಿದ್ದುಹೋಯ್ತು ಅಂತ.

ಅಯ್ಯಯ್ಯೋ! ಆ ಹೊತ್ತಿಂದು ಏನು ಹೇಳಲಿ! ಹದಿಮೂರು ಕೊಡತಿ ಒಂದೇ ಸಲ ಎದ್ದವು, ಒಂದೇ ಸಲ ಬಿದ್ದವು. ಗೋಡೆಯೇ ಗುಮ್ಮೆಂದಿತು. ನಾವು ಕೇಳೋದು, ಅವರು ಹೇಳೋದು. ಆಮೇಲೆ ಅವರು ಕೇಳೋದು, ನಾವು ಹೇಳೋದು. ನಂಜಪ್ಪನ ಮೀಸೆ ಆಯ್ತು, ಹೊಟ್ಟೆ ಆಯ್ತು, ಅವನ ಸೈಕಲ್ಲಿನ ಗಂಟೆ ಆಯ್ತು. ಅವನು ಕೆಳಗೆ ನಿಂತು ಮೀಸೆ ಮುಟ್ಟಿ ನೋಡಿಕೊಂಡ. ನನ್ನ ಮೂವತ್ತು ವರ್ಷದ ಹಾಡು ಸತ್ತೇಹೋಯ್ತು. ಹೋಗಲಿ ಬಿಡಿ, ಅದರಲ್ಲಿ ನಗು ಇರಲಿಲ್ಲ. ಅಳಲೆಕಾಯಿ ನೆನೆಸಿದ ನೀರನ್ನ ಬೆಲ್ಲದ ನೀರಿಗೆ ಬೆರೆಸಿದರೆ ಗಾರೆ ಇನ್ನೂ ಗಟ್ಟಿ ಆಗುತ್ತೆ ಅಂತ ಕುಪ್ಪಮ್ಮ ಹೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತು ಅಂತ ತಲೆ ಆಡಿಸಿದೆ.

ಮತ್ತೆ ನೀರು ನಿಲ್ಲಿಸಿದ ಮಾರನೇ ಬೆಳಿಗ್ಗೆ ನಾವೆಲ್ಲ ಕೋಣೆಯೊಳಗೆ ಕತ್ತು ಮೇಲೆತ್ತಿ ನಿಂತ್ವಿ. ಯಜಮಾನರು ಅಂಗೈ ಒಡ್ಡಿಕೊಂಡು ಗೋಡೆಯಿಂದ ಗೋಡೆಗೆ ನಡೆದರು. ಅಂಗೈ ಒಣಗಿತ್ತು. "ಪಕ್ಕದ ಮನೆಗೆ ನಡೀರಿ" ಅಂದ ನಂಜಪ್ಪ. ಅವನ ಬಾಯಲ್ಲಿ ಹೊಗಳಿಕೆ ಅಂದರೆ ಅಷ್ಟೇ.

ಪಕ್ಕದ ಮನೆ ತಾರಸಿ ಹತ್ತಿದ ಮೊದಲ ದಿನವೇ ಕುಪ್ಪಮ್ಮ ಎಲ್ಲರ ಮುಂದೆ ಅಂದಳು: "ಅಕ್ಕಾ, ನಿನ್ನ ಏಟು ಮೆತ್ತಗಾಯ್ತು. ನೀ ಎದ್ದು ನೀರು ಚಿಮುಕಿಸು, ಇಲ್ಲದಿದ್ದರೆ ಇದೂ ಸೋರುತ್ತೆ."

ಎಲ್ಲರೂ ಕೊಡತಿ ನಿಲ್ಲಿಸಿ ನನ್ನ ನೋಡಿದರು. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಕೊಡತಿ ಅವಳ ಕಾಲ ಮೇಲೇ ಹಾಕೋಣ ಅನ್ನಿಸ್ತು. ಆದರೆ ಹೋದ ಸಲ ಕಂಡಿದ್ದನ್ನ ನುಂಗಿಕೊಂಡಿದ್ದ ಹೆಂಗಸು ಇವಳೇ. ಈಗ ನುಂಗಲಿಲ್ಲ. ಆ ಮಾತು ಕೇಳೋಕೆ ಚೆನ್ನಾಗಿರಲಿಲ್ಲ, ತಾರಸಿಗೆ ಮಾತ್ರ ಒಳ್ಳೇದಿತ್ತು. ಏಟು ಮೆತ್ತಗಾಗಿದ್ದೂ ನಿಜ.

ಎದ್ದು ಚೆಂಬು ತಗೊಂಡೆ. ಗಾರೆಗೆ ಚಿಮುಕಿಸ್ತಾ ಹೋದೆ. ಕುಪ್ಪಮ್ಮನ ಬೆನ್ನಿಗೂ ಒಂದಿಷ್ಟು ಬಿತ್ತು. ಬೇಕೂಂತಲೇ ಬಿತ್ತು.