ಕುಂಕುಮ ಹಚ್ಚಿದ ಐದು ಡಿಸ್ಕು

ಮುಂಬೈ ಪಕ್ಕದ ಠಾಣೆ ಊರಿನ ಆ ಸರ್ವೇ ಆಫೀಸಿನ ಸುದ್ದಿ ಎತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹಳೇ ಕಟ್ಟಡಗಳನ್ನು ಕೆಡವುವ ಮೊದಲು ಒಂದೊಂದು ಖೋಲಿಯನ್ನೂ ಅಳೆದು ವಿಡಿಯೋ ಮಾಡಿಡುವುದು ಅವರ ಕೆಲಸ. ಎಲ್ಲವೂ ಐದು ಹಾರ್ಡ್ ಡಿಸ್ಕುಗಳ ಒಂದೇ ಪೆಟ್ಟಿಗೆಯಲ್ಲಿ. ಒಂದು ಕೆಟ್ಟರೆ ಉಳಿದ ನಾಲ್ಕು ಹೇಗೋ ನಿಭಾಯಿಸುತ್ತವೆ, ಎರಡು ಕೆಟ್ಟರೆ ಕಥೆ ಮುಗಿಯಿತು. ಇಂಥವನ್ನು ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಮಾಲೀಕರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದ್ದೆ. ಮೈಸೂರಿನವರು, ನಯವಾಗಿ ತಲೆಯಾಡಿಸಿದ್ದರು.

ಒಂದು ಕೆಟ್ಟಿತು. ಪೆಟ್ಟಿಗೆ ಕೀಂ ಕೀಂ ಎಂದು ಅರಚತೊಡಗಿತು. ನನಗೆ ಫೋನ್ ಮಾಡುವುದು ಬಿಟ್ಟು, ತಲೆನೋವೆಂದು ಸದ್ದು ಬಂದ್ ಮಾಡಿ ಸುಮ್ಮನಾದರು. ಅಷ್ಟರಲ್ಲಿ ದಸರೆ. ಆಯುಧ ಪೂಜೆಗೆಂದು, ವರ್ಷಗಟ್ಟಲೆ ನಿಲ್ಲದೆ ತಿರುಗಿದ ಯಂತ್ರವನ್ನು ಆರಿಸಿ, ಐದೂ ಡಿಸ್ಕುಗಳನ್ನು ಹೊರಗೆಳೆದು, ಒರೆಸಿ, ಕುಂಕುಮವಿಟ್ಟು, ಕೈಗೆ ಸಿಕ್ಕ ಹಾಗೆ ವಾಪಸು ತುರುಕಿದರು ಪುಣ್ಯಾತ್ಮರು! ಸುತ್ತಿಗೆ, ಸ್ಪಾನರಿಗೆ ಮಾಡುವುದನ್ನೇ ಇದಕ್ಕೂ ಮಾಡಿದ್ದರು. ಮರುದಿನ ಆನ್ ಮಾಡಿದರೆ ಇನ್ನೊಂದೂ ಹೋಗಿತ್ತು.

ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ನಾನು ಬಂದಾಗ ಆಫೀಸಿನ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ವಿಜಯಪುರದ ಕಡೆಯವರು. ಕೋಪರಿಯಲ್ಲಿ ಅವರಿದ್ದ ಚಾಳಿನ ಹಳೇ ಕಟ್ಟಡವನ್ನು ಕೆಡವಿ ಆಗಿತ್ತು. ಅವರ ಖೋಲಿ ಮಹಡಿಯಲ್ಲಿ ಆಮೇಲೆ ಕಟ್ಟಿಕೊಂಡದ್ದು, ಹಳೇ ನಕ್ಷೆಯಲ್ಲಿ ಇಲ್ಲ. ಅದು ಅಲ್ಲಿತ್ತು ಎನ್ನಲು ಪೆಟ್ಟಿಗೆಯೊಳಗಿನ ವಿಡಿಯೋ ಒಂದೇ ಪುರಾವೆ. ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಅದನ್ನು ತೋರಿಸದಿದ್ದರೆ ಹೊಸ ಕಟ್ಟಡದಲ್ಲಿ ಅವರಿಗೆ ಮನೆಯಿಲ್ಲ.

"ವಿಡಿಯೋ ತಗಿಯೋವಾಗ ಅಳತಿ ಟೇಪಿನ ತುದಿ ನಾನ ಹಿಡಕೊಂಡಿದ್ದೆ ಯವ್ವಾ. ನಮ್ಮ ಮನಿಯವ್ರು ಕಿಡಕಿ ಕಡೆ ಕುಂತಿದ್ರು," ಎಂದರು. ಬಾಡಿಗೆ ಖೋಲಿಗೆ ಹೋದ ಮೇಲೆ ಆ ಗಂಡ ತೀರಿಕೊಂಡಿದ್ದರು. ಅವರದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲವಂತೆ.

ಒಳಗೆ ಮಾಲೀಕರು ಚಹಾ ತರಿಸಿ, ಸ್ವಲ್ಪ ಬೇಗ ನೋಡಮ್ಮ ಎಂದರು. ಚಹಾ ಮುಟ್ಟಲಿಲ್ಲ. ಎರಡನೇ ಸಲಕ್ಕೆ ಕೆಟ್ಟ ಡಿಸ್ಕು ಪೂರ್ತಿ ಸತ್ತಿರಲಿಲ್ಲ. ಅದರಲ್ಲಿದ್ದದ್ದನ್ನು ಚೂರುಚೂರೇ ಬೇರೆ ಡಿಸ್ಕಿಗೆ ಇಳಿಸಿಕೊಂಡೆ. ನಡುವೆ ಒಂದಷ್ಟು ಏನು ಮಾಡಿದರೂ ಬರಲಿಲ್ಲ. ಇನ್ನು ಎಲ್ಲವನ್ನೂ ಮೊದಲಿದ್ದ ಸಾಲಿನಲ್ಲೇ ಜೋಡಿಸಬೇಕು. ಯಾವುದು ಎಲ್ಲಿತ್ತು ಎಂದು ಆಫೀಸಿನವರನ್ನು ಕೇಳಿದೆ. ಎಡಗಡೆಯಿಂದ ಒಂದೊಂದಾಗಿ ತೆಗೆದು ಬೊಟ್ಟಿಟ್ಟೆವು ಎಂಬುದಷ್ಟೇ ಅವರ ನೆನಪು. ಬೆರಳನ್ನು ಒಂದೇ ಸಲ ಅದ್ದಿದ್ದರು. ಮೊದಲನೆಯ ಬೊಟ್ಟು ದಪ್ಪ, ಕೊನೆಯದು ಕಂಡೂ ಕಾಣದಷ್ಟು. ಆ ಹಾಳು ಕುಂಕುಮ ನೋಡಿಕೊಂಡೇ ಜೋಡಿಸಿದೆ. ಸರಿಹೋಯಿತು.

"ನೋಡಿದ್ಯೇನಮ್ಮ, ಪೂಜೆ ಕೈ ಬಿಡಲಿಲ್ಲ," ಎಂದು ಮಾಲೀಕರು ನಕ್ಕರು.

ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದೆ. ನೀವು ಕೈ ಹಾಕದೆ ಇದ್ದಿದ್ದರೆ ಕುಂಕುಮ ನೋಡಿ ಜೋಡಿಸುವ ಪ್ರಸಂಗವೇ ಬರುತ್ತಿರಲಿಲ್ಲ ಎಂದೆ. ಅವರ ನಗು ನಿಲ್ಲಲಿಲ್ಲ.

ಹೊರಗಿದ್ದ ಹೆಂಗಸನ್ನು ಕರೆದು ವಿಡಿಯೋ ಹಾಕಿದೆ. ಮೆಟ್ಟಿಲು, ಬಾಗಿಲು, ಒಲೆ, ಗೋಡೆಗೆ ಒತ್ತಿದ ಟೇಪು, ಅದರ ತುದಿಯಲ್ಲಿ ಅವರ ಕೈ. ಅಲ್ಲಿಗೆ ನಿಂತುಬಿಟ್ಟಿತು. ಅಳತೆ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಬೇಲಾಪುರಕ್ಕೆ ಅಷ್ಟು ಸಾಕು.

"ಮುಂದ?" ಎಂದರು ಅವರು.

ಮುಂದಿನದು ಉಳಿದಿಲ್ಲ ಎಂದೆ. ಕೆಲಸಕ್ಕೆ ಬೇಕಾದ್ದು ಸಿಕ್ಕಿತಲ್ಲ, ಬಿಡಿ ಎಂದರು ಮಾಲೀಕರು. ನೀವು ಬಾಯಿ ಮುಚ್ಚಿಕೊಂಡಿರಿ ಎಂದು ಅವರ ಮುಖಕ್ಕೇ ಹೇಳಿದೆ. ಆ ಆಫೀಸಿನ ಕೆಲಸ ನನಗೆ ಅವತ್ತೇ ಕೊನೆ.

ಆಕೆ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಪರದೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಳ್ಳುತ್ತ ಹೇಳಿದರು:

"ಚೂರು ಕಿಡಕಿ ಕಡೆ ಸರಸು ಯವ್ವಾ. ಅಲ್ಲೇ ಕುಂತಾರ."