ತೀರ್ಥ ಬಿದ್ದ ಲ್ಯಾಮಿನೇಟ್

2023ರ ಸೆಪ್ಟೆಂಬರ್. ಕೂಳೂರಿನಲ್ಲಿ ನಮ್ಮ ಲ್ಯಾಮಿನೇಟ್ ಅಂಗಡಿ ನೋಡಿಕೊಳ್ಳಲು ಶುರುಮಾಡಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಪ್ಲೈವುಡ್ ಮೇಲೆ ಅಂಟಿಸುವ ಬಣ್ಣದ ಶೀಟು ಮಾರುವುದಷ್ಟೇ ಅಲ್ಲ, ಬೇಕೆಂದವರ ಮನೆಗೆ ಹೋಗಿ ಅಂಟಿಸಿ ಕೊಡುವುದೂ ನಮ್ಮ ಕೆಲಸ. ಅಡುಗೆಮನೆ, ವಾರ್ಡ್‌ರೋಬ್, ಟಿವಿ ಯುನಿಟ್, ಯಾವುದಕ್ಕೆ ಬಂದವರೂ ಕೇಳುವುದು ಒಂದೇ, ತೇಗದ ಹಾಗೆ ಕಾಣುವ ಕಂದು ಬಣ್ಣ. ಕಂದು ತೋರಿಸಿ ತೋರಿಸಿ ನನಗೆ ಸಾಕೋ ಸಾಕಾಗಿ ಹೋಗಿತ್ತು.

ಹಾಗಿರುವಾಗ ದೇರೆಬೈಲಿನ ಪ್ರಶಾಂತ ಒಂದು ಬೆಳಿಗ್ಗೆ ಬಂದು, ಆರ್ಕೇಡ್ ಕ್ಯಾಬಿನೆಟ್‌ಗೆ ಶೀಟು ಬೇಕು ಎಂದ. ಅದೆಂತದು ಎಂದು ಕೇಳಿದೆ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಒಳಗೆ ಪರದೆ, ಎದುರಿಗೆ ಜಾಯ್‌ಸ್ಟಿಕ್, ಬಟನ್‌ಗಳು. ನಿಂತುಕೊಂಡು ಆಡುವ ವಿಡಿಯೋ ಗೇಮ್. ದುಬೈಯ ಒಂದು ಗೇಮ್ ಹಾಲ್‌ನಲ್ಲಿ ಇಂಥ ಮಷೀನು ರಿಪೇರಿ ಮಾಡುತ್ತಿದ್ದನಂತೆ. ಹಾಲ್ ಮುಚ್ಚಿದ ಮೇಲೆ ಊರಿಗೆ ಬಂದು ಮನೆಯ ಕಾರ್ ಶೆಡ್ಡಿನಲ್ಲಿ ತಾನೇ ಎರಡು ಕಟ್ಟಿದ್ದ. ಪಣಂಬೂರು ಕಡೆ ಹೊಸದಾಗಿ ತೆರೆಯುವ ಒಂದು ಹೋಟೆಲಿನವರು ಎರಡನ್ನೂ ತೆಗೆದುಕೊಳ್ಳುತ್ತೇವೆ, ಚೆನ್ನಾಗಿದ್ದರೆ ಉಳಿದ ಶಾಖೆಗಳಿಗೂ ಬೇಕು ಎಂದಿದ್ದರು.

ಜೊತೆಗೆ ಬಂದಿದ್ದ ಅವನ ಹೆಂಡತಿ ವಿನಯಾ ಶಾಲೆಯ ಟೀಚರ್. ನಿಜ ಸಂಗತಿ ಹೇಳಿದ್ದು ಅವಳೇ. ಗಲ್ಫಿನ ಏಜೆಂಟ್ ಮತ್ತೊಂದು ಕೆಲಸ ಹುಡುಕಿ ಇಟ್ಟಿದ್ದಾನೆ, ಈ ವಾರದೊಳಗೆ ಹೌದೋ ಅಲ್ಲವೋ ಹೇಳಬೇಕು. ಹೋಟೆಲಿನವರು ಉಳಿದ ಶಾಖೆಗಳಿಗೂ ಒಪ್ಪಿದರೆ ಪ್ರಶಾಂತ ಇಲ್ಲೇ ಇರುತ್ತಾನೆ, ಇಲ್ಲದಿದ್ದರೆ ವಿಮಾನ ಹತ್ತುತ್ತಾನೆ. ಮಗಳು ಮೂರನೇ ಕ್ಲಾಸು. ಹುಟ್ಟಿದಾಗಿನಿಂದ ಅಪ್ಪನನ್ನು ಹೆಚ್ಚು ನೋಡಿದ್ದು ಫೋನಿನಲ್ಲೇ.

ಇಷ್ಟು ಕೇಳಿದ ಮೇಲೆ ನಾನು ಕುರ್ಚಿಯಲ್ಲಿ ಕೂರುವ ಜಾತಿಯವಳಲ್ಲ. ಅಂಟಿಸಲು ನಾನೇ ಬರುತ್ತೇನೆ ಎಂದೆ.

ಅವನಿಗೆ ಬೇಕಾಗಿದ್ದದ್ದು ಕನ್ನಡಿಯಂತೆ ಹೊಳೆಯುವ ಕಪ್ಪು. ದುಬೈಯಲ್ಲಿ ಹಾಗೇ ಇತ್ತಂತೆ. ನಾನು ಚೆನ್ನಾಗಿ ಬೈದೆ. ಕಡಲ ಬದಿಯ ಹೋಟೆಲು, ಮೀನು ಫ್ರೈ ತಿಂದ ಕೈ, ಮಕ್ಕಳ ಕಾಲಿಗೆ ಮೆತ್ತಿದ ಕಡಲ ಹೊಯ್ಗೆ. ಹೊಳೆಯುವ ಕಪ್ಪಿನ ಮೇಲೆ ಒಂದೊಂದು ಬೆರಳಿನ ಗುರುತೂ ಕಾಣುತ್ತದೆ, ಒಂದೊಂದು ಗೀರೂ ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಶೀಟು ಇದನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಇನ್ನು ದಪ್ಪ. ಎಲ್ಲ ಕಡೆಗೂ ದುಬಾರಿಯ ಒಂದು ಮಿಲಿಮೀಟರ್ ಶೀಟು ಬೇಕಾಗಿಲ್ಲ. ಕೈ ಉಜ್ಜುವ ಬಟನ್ ಹಲಗೆಗೆ ಮಾತ್ರ ಅದು ಸಾಕು, ಬದಿಗಳಿಗೆ 0.8 ಧಾರಾಳ, ಒಳಗಡೆಗೆ ತೆಳು ಬಿಳಿ ಲೈನರ್ ಶೀಟು. ಅಲ್ಲಿಗೆ ಖರ್ಚು ಅವನ ಕೈಗೆ ಎಟಕುವಷ್ಟಕ್ಕೆ ಇಳಿಯಿತು.

ಬಣ್ಣಕ್ಕೆ ಗೋಡೌನಿಗೆ ಕರೆದುಕೊಂಡು ಹೋದೆ. ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದ ಗಿಳಿ ಹಸಿರು ಶೀಟುಗಳು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಯಾರ ಅಡುಗೆಮನೆಗೂ ಬೇಡವಾದ ಬಣ್ಣ. ಅರ್ಧ ರೇಟಿಗೆ ಕೊಡುತ್ತೇನೆ ಎಂದೆ. ಲೆಕ್ಕ ಹಾಕಿದರೆ ಸರಿಯಾಗಿ ಎರಡು ಮಷೀನಿಗಾಗುವಷ್ಟು ಇತ್ತು, ಒಂದು ಚೂರೂ ಹೆಚ್ಚಿಲ್ಲ. ಧೂಳು ಒರೆಸಿದ್ದೇ ವಿನಯಾಳ ಮುಖ ಅರಳಿತು. ಪ್ರಶಾಂತನ ಕಪ್ಪು ಅಲ್ಲಿಗೆ ಮುಗಿಯಿತು.

ಈ ಕೆಲಸಕ್ಕೆ ನಾವು ಬಳಸುವುದು ರಬ್ಬರಿನ ಹಳದಿ ಅಂಟು. ಪ್ಲೈವುಡ್ಡಿಗೂ ಶೀಟಿನ ಹಿಂಬದಿಗೂ ತೆಳ್ಳಗೆ ಬಳಿಯಬೇಕು. ಬಳಿದ ಕೂಡಲೇ ಅಂಟಿಸುವ ಹಾಗಿಲ್ಲ. ಬೆರಳಿಟ್ಟರೆ ಅಂಟು ಕೈಗೆ ಬರದಷ್ಟು ಒಣಗಬೇಕು, ಆಮೇಲೆ ಕೂರಿಸಿ ನಡುವಿನಿಂದ ಅಂಚಿನ ಕಡೆಗೆ ರೋಲರ್ ಎಳೆಯಬೇಕು. ಒಮ್ಮೆ ಕಚ್ಚಿತೆಂದರೆ ಆಚೀಚೆ ಸರಿಸಲು ಬರುವುದಿಲ್ಲ. ಪ್ರಶಾಂತನ ಶೆಡ್ಡಿನಲ್ಲಿ ನಾವಿಬ್ಬರೂ ಸೇರಿ ಎರಡು ದಿನದಲ್ಲಿ ಎಲ್ಲ ಮುಗಿಸಿ, ಕಡೆಯ ಒಂದು ಬದಿಗೆ ಅಂಟು ಬಳಿದು ಒಣಗಲು ಬಿಟ್ಟೆವು. ಮರುದಿನವೇ ಹೋಟೆಲಿನ ಉದ್ಘಾಟನೆ. ಅಷ್ಟರಲ್ಲಿ ನನಗೊಂದು ಫೋನ್ ಬಂತು, ಮಾತಾಡುತ್ತಾ ಗೇಟಿನ ಹತ್ತಿರ ಹೋದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಪದ್ಮನಾಭ ಭಟ್ರು ಕಲಶ ಹಿಡಿದುಕೊಂಡು ಹಿತ್ತಿಲ ದಾರಿಯಲ್ಲಿ ಬಂದಿದ್ದಾರೆ. ದೇವಸ್ಥಾನದ ಅರ್ಚಕರು, ಈ ಸಂಸಾರದ ಮೇಲೆ ಬಹಳ ಪ್ರೀತಿ. ಮೊದಲ ಮಷೀನು ಮನೆಯಿಂದ ಹೊರಡುವ ಮೊದಲು ಒಂದು ಪೂಜೆ ಆಗಲಿ ಎಂದು ವಿನಯಾಳೇ ಕರೆದಿದ್ದಳು. ನಾನು ವಾಪಸ್ ಬರುವಾಗ ಮಂಗಳಾರತಿ ಮುಗಿದು, ಹಸಿರು ಶೀಟು ಬದಿಯ ಮೇಲೆ ಕೂತು, ಮೂವರೂ ನಗುತ್ತಾ ನಿಂತಿದ್ದರು. ರಾಹುಕಾಲ ಶುರುವಾಗುವ ಮೊದಲೇ ಅಂಟಿಸಿಬಿಟ್ಟೆವು ಎಂದ ಪ್ರಶಾಂತ. ನೆಲವೆಲ್ಲ ನೀರಿನ ಹನಿ. ತೀರ್ಥ ಎಲ್ಲೆಲ್ಲಿ ಬಿತ್ತು ಭಟ್ರೇ ಎಂದು ಕೇಳಿದೆ.

"ಎಲ್ಲ ಕಡೆ ಪ್ರೋಕ್ಷಣೆ ಮಾಡಿದ್ದೇನೆ. ಆ ಹಳದಿ ಹಲಗೆಗೆ ಸ್ವಲ್ಪ ಹೆಚ್ಚೇ ಹಾಕಿದೆ, ಅದೇ ಅಲ್ವಾ ಬಾಕಿ ಇದ್ದದ್ದು" ಎಂದರು ಭಟ್ರು ಸಂತೋಷದಿಂದ.

ಬೆರಳಿನ ಗಂಟಿನಿಂದ ಶೀಟನ್ನು ತಟ್ಟಿದೆ. ಅಲ್ಲಲ್ಲಿ ಟೊಳ್ಳು ಸದ್ದು. ನೀರು ಕೂತಲ್ಲಿ ಈ ಅಂಟು ಹಿಡಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕಾವಲಿಯ ಮೇಲಿನ ದೋಸೆಯ ಹಾಗೆ ಗುಳ್ಳೆಗಳೆದ್ದವು. ಬದಲಿಗೆ ಹಾಕಲು ಆ ಹಸಿರು ಊರಿನಲ್ಲಿ ಎಲ್ಲೂ ಇಲ್ಲ. ಪ್ರಶಾಂತ ಮೆಟ್ಟಿಲ ಮೇಲೆ ಕೂತು, ಏಜೆಂಟಿಗೆ ಹೌದು ಅಂತ ಹೇಳಿಬಿಡ್ತೇನೆ ಅಕ್ಕ ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏಳು ಮಾರಾಯ, ಥಿನ್ನರ್ ಉಂಟು, ನಾನಿದ್ದೇನೆ. ಶೀಟು ಇನ್ನೂ ಮುರಿದಿಲ್ಲ."

ಅಂಟು ಹೊಸತಾಗಿದ್ದದ್ದೇ ನಮ್ಮ ಪುಣ್ಯ. ಮೇಲಿನ ಅಂಚಿನಿಂದ ಅಂಟು ಕರಗಿಸುವ ಥಿನ್ನರ್ ಇಳಿಸುತ್ತಾ, ತೆಳು ಪಟ್ಟಿ ತೂರಿಸಿ ಬಿಡಿಸುತ್ತಾ ಹೋಗಬೇಕು. ಅವಸರ ಮಾಡಿದರೆ ಲ್ಯಾಮಿನೇಟ್ ಹಪ್ಪಳದ ಹಾಗೆ ಚಟ್ಟೆನ್ನುತ್ತದೆ. ಬಿಡಿಸಿದ ಭಾಗ ಬಾಗದಂತೆ ಎತ್ತಿ ಹಿಡಿಯಲು ಒಬ್ಬರು ಬೇಕಿತ್ತು. ಭಟ್ರ ಮುಖ ಸಪ್ಪಗಾಗಿತ್ತು, ಪಾಪ. ಹೊದ್ದ ಶಾಲು ತೆಗೆದಿಟ್ಟು, ಪಂಚೆ ಎತ್ತಿ ಕಟ್ಟಿ, ತಾವೇ ಬಂದು ಹಿಡಿದರು. ಉತ್ಸವ ಮೂರ್ತಿ ಹೊತ್ತು ಪಳಗಿದ ಕೈ, ಒಂದಿಷ್ಟೂ ಅಲುಗಾಡಲಿಲ್ಲ. ಬಾಯಲ್ಲಿ ಮಾತ್ರ ಅದೇನೋ ಮಂತ್ರ ನಡೆಯುತ್ತಲೇ ಇತ್ತು. ಇಡೀ ಶೀಟು ಒಂದೇ ತುಂಡಾಗಿ ಕೈಗೆ ಬಂದಾಗ ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು.

ಥಿನ್ನರ್ ಕುಡಿದ ಪ್ಲೈವುಡ್ ಒಣಗಬೇಕು ಎಂದೆ. ರಾಹುಕಾಲ ಮುಗಿಯದೆ ಮತ್ತೆ ಅಂಟಿಸುವುದು ಬೇಡ ಎಂದಳು ವಿನಯಾ. ಇಪ್ಪತ್ತು ವರ್ಷದಲ್ಲಿ ಪಂಚಾಂಗವೂ ನಾನೂ ಒಪ್ಪಿದ್ದು ಅದೇ ಮೊದಲು. ಕಾಫಿ ಆಯಿತು, ಗೋಳಿಬಜೆ ಆಯಿತು. ಕಾದು ಬೇಸರವಾಗದಿರಲೆಂದು ಪ್ರಶಾಂತ ಮುಗಿದಿದ್ದ ಇನ್ನೊಂದು ಮಷೀನು ಚಾಲೂ ಮಾಡಿ ಭಟ್ರ ಕೈಗೆ ಜಾಯ್‌ಸ್ಟಿಕ್ ಕೊಟ್ಟ. ರಾಹುಕಾಲ ಮುಗಿದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾವು ಹೊಸದಾಗಿ ಅಂಟು ಬಳಿದು, ಬೆರಳಿಟ್ಟು ನೋಡಿ, ಶೀಟು ಕೂರಿಸಿ ರೋಲರ್ ಎಳೆದೆವು. ತಟ್ಟಿದರೆ ಎಲ್ಲ ಕಡೆ ಗಟ್ಟಿ ಸದ್ದು. ಭಟ್ರು ಇನ್ನೂ ಆಡುತ್ತಲೇ ಇದ್ದರು. ಸಂಜೆಯ ಪೂಜೆಗೆ ಹೊತ್ತಾಯಿತೆಂದು ಅವರ ಹೆಂಡತಿ ಬಂದು ಎಳೆದುಕೊಂಡು ಹೋದರು.

ಅಂಟಿಸುವ ಮೊದಲು ಕಾಯಬೇಕು ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಈ ಕೆಲಸ ಹೊಸದಾಗಿ ಕಲಿಸಿದ್ದು ಬೇರೆ. ಬಂದವರಿಗೆ ಎಂಥ ಶೀಟು ಬೇಕು ಎಂದು ಕೇಳುವ ಮೊದಲು, ಯಾತಕ್ಕೆ ಬೇಕು ಎಂದು ಕೇಳಬೇಕು. ಅದು ತಿಳಿದಿದ್ದರೆ ಕೆಟ್ಟ ಶೀಟನ್ನು ಬಿಡಿಸಿ ಮತ್ತೆ ಅಂಟಿಸಲು ಬೇಜಾರಾಗುವುದಿಲ್ಲ.

ಮರುದಿನ ಹೋಟೆಲಿನಲ್ಲಿ ಹಸಿರು ಮಷೀನುಗಳ ಮುಂದೆ ಮಕ್ಕಳ ಸಾಲು. ಮಾಲೀಕರು ಇನ್ನೂ ಆರು ಬೇಕು, ಇದೇ ರೀತಿ ಕಣ್ಣಿಗೆ ಹೊಡೆಯುವ ಬಣ್ಣ ಇರಲಿ ಎಂದರು. ಪ್ರಶಾಂತ ಮಗಳ ಜೊತೆ ಆಟಕ್ಕೆ ನಿಂತಿದ್ದ. ಅವನ ಫೋನ್ ವಿನಯಾಳ ಕೈಯಲ್ಲಿ ಹೊಡೆದುಕೊಂಡಿತು. ಗಲ್ಫಿನ ಏಜೆಂಟ್. ಅವಳು ಗಂಡನನ್ನೊಮ್ಮೆ ನೋಡಿ, ತಾನೇ ಮಾತಾಡಿದಳು.

"ಅವರು ಬರುವುದಿಲ್ಲ. ಅವರಿಗೆ ಇಲ್ಲೇ ಕೆಲಸ ಉಂಟು."